ಸೂರ್ಯನನ್ನೇ ಫ್ರೇಮಿನೊಳಗೆ ಇಟ್ಟು ಫೋಟೋ ತೆಗೆಯೋದು: ಹಿರೇಕೊಳಲೆ ಕೆರೆ ಹತ್ತಿರ ಒಂದು ಸಂಜೆ

[ದೃಶ್ಯ: ಒಂದು ಹಳೇ ಫೋಟೋ. ಬೂದು ಆಕಾಶ, ಮಧ್ಯದಲ್ಲಿ ಸಣ್ಣ ಬಿಳಿ ಚುಕ್ಕೆ.]

ಇದು ಮುಳ್ಳಯ್ಯನಗಿರಿಯಲ್ಲಿ ನಾನು ತೆಗೆದ ಮೊದಲ ಸೂರ್ಯಾಸ್ತದ ಫೋಟೋ. 1930 ಮೀಟರ್ ಎತ್ತರ, ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ. ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಮನೆಗೆ ಬಂದು ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬೀದಿದೀಪ ಚೆನ್ನಾಗಿ ಬಂದಿದೆ ಕಣೋ" ಅಂದರು.

[ದೃಶ್ಯ: ಕೆರೆ, ಹಿಂದೆ ಗುಡ್ಡದ ಸಾಲು. ನಿರೂಪಕ ಕ್ಯಾಮೆರಾ ಮುಂದೆ.]

ನಮಸ್ಕಾರ. ಚಿಕ್ಕಮಗಳೂರು ಪೇಟೆಯಿಂದ ಸ್ವಲ್ಪ ದೂರದ ಹಿರೇಕೊಳಲೆ ಕೆರೆ ಹತ್ತಿರ ಇದ್ದೇನೆ. ನವೆಂಬರ್ ಕೊನೆ. ಇವತ್ತು ಸೂರ್ಯಾಸ್ತ 6 ಗಂಟೆ ಹೊತ್ತಿಗೆ ಅಂತ ಮೊಬೈಲ್ ಹೇಳುತ್ತಿದೆ. ಅದನ್ನು ನಂಬಿ 5:50ಕ್ಕೆ ಬಂದರೆ ಕೆಟ್ಟಿರಿ. ಅದು ಎದುರಿಗೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಇಲ್ಲಿ ಗುಡ್ಡ ಅಡ್ಡ ಇದೆ. ಸೂರ್ಯ ಅದರ ಹಿಂದೆ ಇಳಿದರೆ ನಮ್ಮ ಪಾಲಿಗೆ ಮುಗೀತು.

ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ನಮ್ಮೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ ಹೆಚ್ಚುಕಮ್ಮಿ ನೆಟ್ಟಗೇ ಇಳಿಯುತ್ತಾನೆ. ಗುಡ್ಡದ ತುದಿಗೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಜಾಗ ಇದ್ದರೆ ನಿಮಗೆ 40 ನಿಮಿಷ ಇದೆ. ಸೂರ್ಯನನ್ನು ದಿಟ್ಟಿಸಬೇಡಿ, ಇನ್ನೊಂದು ಕೈಯಿಂದ ಮರೆ ಮಾಡಿಕೊಂಡು ಅಳೆಯಿರಿ. ತಟ್ಟೆ ಗುಡ್ಡ ಮುಟ್ಟಿತು ಅಂದರೆ ಎರಡೇ ನಿಮಿಷ, ಮಾಯ.

ಈಗ ಬೀದಿದೀಪದ ಕಥೆಗೆ ಬರೋಣ. ನಮ್ಮ ಕಣ್ಣಿಗೆ ಬೆಳಗುವ ಆಕಾಶವೂ ಕಾಣುತ್ತದೆ, ಗುಡ್ಡದ ಹಸಿರೂ ಕಾಣುತ್ತದೆ. ಕ್ಯಾಮೆರಾಗೆ ಅಷ್ಟು ಶಕ್ತಿ ಇಲ್ಲ. ಗುಡ್ಡ ತೋರಿಸಲು ಹೋದರೆ ಸೂರ್ಯ ಬಿಳಿ ಚುಕ್ಕೆ, ಸುತ್ತಲಿನ ಬಣ್ಣ ಪೂರ್ತಿ ಹೋಯಿತು. ನಾನು ಮಾಡಿದ್ದು ಅದೇ. ಒಂದನ್ನು ಬಿಡಲೇಬೇಕು. ನಾನು ನೆಲವನ್ನು ಬಿಡುತ್ತೇನೆ. ಕಪ್ಪಾಗಲಿ ಬಿಡಿ.

[ದೃಶ್ಯ: ಮೊಬೈಲ್ ಪರದೆ ಹತ್ತಿರದಿಂದ.]

ಮೊಬೈಲ್‌ನಲ್ಲಿ ಸೂರ್ಯನ ಪಕ್ಕದ ಬೆಳಕಿನ ಆಕಾಶದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಲಾಕ್ ಆಗುತ್ತದೆ. ಆಮೇಲೆ ಬೆಳಕಿನ ಗುರುತನ್ನು ನಿಧಾನ ಕೆಳಕ್ಕೆ ಎಳೆಯಿರಿ. ನೋಡಿ, ನೋಡಿ... ಕಿತ್ತಳೆ ಬಂತು! ದೊಡ್ಡ ಕ್ಯಾಮೆರಾದಲ್ಲಾದರೆ ಸೂರ್ಯ ಫ್ರೇಮಿನಿಂದ ಆಚೆ ಇರುವಂತೆ ತಿರುಗಿಸಿ, ಪಕ್ಕದ ಆಕಾಶಕ್ಕೆ ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಲಾಕ್ ಮಾಡಿ, ವಾಪಸ್ ಬನ್ನಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100 ಇರಲಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ, ಅದು ಕೆಂಪನ್ನು "ತಪ್ಪು" ಅಂದುಕೊಂಡು ತೊಳೆದುಹಾಕುತ್ತದೆ. ಡೇಲೈಟ್ ಅಥವಾ ಕ್ಲೌಡಿ ಇಡಿ.

ನೆಲ ಕಪ್ಪಾಯಿತು. ಹಾಗಾದರೆ ಕಪ್ಪಾಗಿಯೂ ಏನು ಅಂತ ಗೊತ್ತಾಗುವ ವಸ್ತು ಬೇಕಲ್ವಾ? ಜಾಸ್ತಿ ಜನ ಎಡವೋದು ಇಲ್ಲೇ.

[ದೃಶ್ಯ: ಎರಡು ಫೋಟೋ ಅಕ್ಕಪಕ್ಕ.]

ಎಡಗಡೆ ಕಾಫಿ ಗಿಡ. ಹಗಲಲ್ಲಿ ನೋಡಿದರೆ ಎಷ್ಟು ಚಂದ, ಕೆಂಪು ಹಣ್ಣು ಬೇರೆ. ಸೂರ್ಯನಿಗೆ ಎದುರಾಗಿ ಇಟ್ಟರೆ ಒಂದು ಕಪ್ಪು ಗುಪ್ಪೆ. ಹುಲ್ಲಿನ ಬಣವೆ ಅಂದರೂ ನಂಬಬಹುದು. ಬಲಗಡೆ ಸಿಲ್ವರ್ ಓಕ್. ಉದ್ದ ಕಾಂಡ, ನಡುನಡುವೆ ಬಯಲು, ಬಾಚಣಿಗೆ ಹಲ್ಲಿನಂಥ ಸೀಳೆಲೆ. ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಅದರ ಅಂಚೂ ಕಾಣುತ್ತದೆ. ಎಸ್ಟೇಟ್‌ನಲ್ಲಿ ನೆರಳಿಗೆ ಅಂತ ನೆಟ್ಟ ಮರ, ನಮಗೆ ನೆರಳಿನ ಚಿತ್ರಕ್ಕೂ ಆಗಿಬಂತು. ಎರಡು ಮರದ ನಡುವೆ ಆಕಾಶದ ಸಂದು ಇರುವಂತೆ ನಿಲ್ಲಿ. ಒಂದರ ಮೇಲೊಂದು ಬಿದ್ದರೆ ಮತ್ತೆ ಗುಪ್ಪೆಯೇ. ಬೇಕಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಇದಕ್ಕೆ ದುಡ್ಡೇನೂ ಖರ್ಚಿಲ್ಲ.

ಸೂರ್ಯ ಇಷ್ಟು ಚಿಕ್ಕದಾಗಿ ಯಾಕೆ ಬರುತ್ತಾನೆ? ಆಕಾಶದಲ್ಲಿ ಅವನ ಅಗಲ ಬರೀ ಅರ್ಧ ಡಿಗ್ರಿ. ಲೆನ್ಸ್‌ನ ಎಂಎಂ ಜಾಸ್ತಿ ಆದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಮೊಬೈಲ್‌ನ ಮಾಮೂಲಿ ಲೆನ್ಸ್ ಸುಮಾರು 24 ಎಂಎಂ ಲೆಕ್ಕದ್ದು. ಅದರಲ್ಲಿ ಫೋಟೋದ ಅಗಲದ 160ರಲ್ಲಿ ಒಂದು ಪಾಲು ಮಾತ್ರ ಸೂರ್ಯ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾಗೆ 400 ಎಂಎಂ ಲೆನ್ಸ್ ಹಾಕಿದರೆ ಹತ್ತರಲ್ಲಿ ಒಂದು ಪಾಲು.

ಹಾಗಾದರೆ ಸೂರ್ಯನ ತಟ್ಟೆಯೊಳಗೆ ಮನುಷ್ಯ ನಿಂತಿರುವ ಫೋಟೋ? ಅಲ್ಲಿ ಸೂರ್ಯ ದೊಡ್ಡವನಾಗಿಲ್ಲ, ಮನುಷ್ಯ ದೂರ ಹೋಗಿದ್ದಾನೆ. ಅವನ ಎತ್ತರದ ಸುಮಾರು 108 ಪಟ್ಟು ದೂರ. ಐದೂವರೆ ಅಡಿ ಆಳು ಸುಮಾರು 180 ಮೀಟರ್ ಆಚೆ ನಿಂತರೆ ತಟ್ಟೆಗೆ ಸರಿಯಾಗಿ ಕೂರುತ್ತಾನೆ. ಒಮ್ಮೆ ನಮ್ಮ ಚಿಕ್ಕಪ್ಪನ ಮಗನನ್ನು ಎದುರು ದಿಬ್ಬಕ್ಕೆ ಕಳಿಸಿದ್ದೆ. "ಸ್ವಲ್ಪ ಎಡಕ್ಕೆ" ಅಂತ ಫೋನಿನಲ್ಲಿ ಕೂಗಿದೆ. ಅವನ ಎಡವೋ ನನ್ನ ಎಡವೋ ಅಂತ ತೀರ್ಮಾನ ಆಗುವಷ್ಟರಲ್ಲಿ ಸೂರ್ಯ ಇರಲಿಲ್ಲ. ಈಗ "ಕೆರೆ ಕಡೆಗೆ", "ರಸ್ತೆ ಕಡೆಗೆ" ಅಂತಲೇ ಹೇಳುತ್ತೇನೆ.

[ದೃಶ್ಯ: ಮೊಬೈಲ್ ಫೋಟೋದಲ್ಲಿ ಹಸಿರು ಚುಕ್ಕೆ, ಅದರ ಸುತ್ತ ಗುರುತು.]

ಇದನ್ನು ನೋಡಿ, ಹಾರುವ ತಟ್ಟೆ ಅಲ್ಲ. ಸೂರ್ಯನ ಬೆಳಕು ಲೆನ್ಸ್‌ನೊಳಗಿನ ಗಾಜುಗಳ ನಡುವೆ ಪುಟಿದು ಬಿದ್ದ ಚುಕ್ಕೆ. ಸೂರ್ಯ ಎಡ ಮೂಲೆಯಲ್ಲಿ ಮೇಲಿದ್ದರೆ ಇದು ಬಲ ಮೂಲೆಯಲ್ಲಿ ಕೆಳಗೆ, ಫೋಟೋದ ನಡುವಿಗೆ ನೇರ ಎದುರು. ಅದಕ್ಕೇ ಓಡಿಸೋದು ಸುಲಭ. ಸೂರ್ಯನನ್ನು ಸ್ವಲ್ಪ ಸರಿಸಿ, ಚುಕ್ಕೆ ಕಪ್ಪು ಮರದ ಮೇಲಿಂದ ಆಕಾಶಕ್ಕೆ ಹೋಗುತ್ತದೆ, ಅಷ್ಟಾಗಿ ಕಾಣಲ್ಲ. ಅದಕ್ಕೂ ಮುಂಚೆ ಲೆನ್ಸ್ ಒರೆಸಿ. ಮಿರ್ಚಿ ಬಜ್ಜಿ ತಿಂದ ಬೆರಳಿನ ಗುರುತಿದ್ದರೆ ಯಾವ ಟ್ರಿಕ್ಕೂ ನಡೆಯಲ್ಲ. ಕ್ಯಾಮೆರಾ ಲೆನ್ಸ್ ಮುಂದೆ ಯುವಿ ಫಿಲ್ಟರ್ ಗಾಜು ಹಾಕಿದ್ದರೆ ಈ ಹೊತ್ತಿಗೆ ತೆಗೆದಿಡಿ.

ನಕ್ಷತ್ರದಂಥ ಕಿರಣ ಬೇಕಾ? ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ, ಎಫ್ 16ಕ್ಕೆ ಕಿರಿದು ಮಾಡಿ, ಸೂರ್ಯ ಅರ್ಧ ಗುಡ್ಡದ ಅಂಚಿನಲ್ಲೋ ಕಾಂಡದ ಪಕ್ಕದಲ್ಲೋ ಅವಿತಾಗ ಒತ್ತಿ. ಆ ಕಿಂಡಿಯನ್ನು ಕಿರಿದು ಮಾಡುವ ಬ್ಲೇಡ್ 7 ಇದ್ದರೆ 14 ಕಿರಣ, 8 ಇದ್ದರೆ 8. ಬೆಸ ಸಂಖ್ಯೆ ಇದ್ದರೆ ದುಪ್ಪಟ್ಟು.

ಇದೊಂದು ಮಾತ್ರ ತಮಾಷೆ ಅಲ್ಲ. ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದ, ನೋಡುವ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ, ಉದ್ದ ಲೆನ್ಸ್‌ನಲ್ಲಂತೂ ಬೇಡವೇ ಬೇಡ. ಕಣ್ಣು ಸುಡುತ್ತದೆ. ಪರದೆಯಲ್ಲಿ ನೋಡಿ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೂ ಸೂರ್ಯನ ಕಡೆ ತಿರುಗಿಸಿಟ್ಟು ಕಾಫಿ ಕುಡಿಯಲು ಹೋಗಬೇಡಿ, ಒಳಗಿನ ಸೆನ್ಸರ್ ಹಾಳಾಗಬಹುದು. ಕ್ಲಿಕ್ ಆದ ತಕ್ಷಣ ಮುಚ್ಚಳ ಹಾಕಿ.

[ದೃಶ್ಯ: ಸೂರ್ಯ ಗುಡ್ಡ ಮುಟ್ಟುತ್ತಿದ್ದಾನೆ. ಕ್ಲಿಕ್, ಕ್ಲಿಕ್, ಕ್ಲಿಕ್.]

ಹೋದ. ಎಲ್ಲರೂ ಬೈಕ್ ಹತ್ತುತ್ತಿದ್ದಾರೆ ನೋಡಿ. ನಾನು ಇನ್ನು 10 ನಿಮಿಷ ಇರುತ್ತೇನೆ. ಮೋಡಕ್ಕೆ ಕೆಳಗಿನಿಂದ ಬೆಳಕು ಬೀಳೋದು ಈಗಲೇ. ಅದಾದ ಮೇಲೆ ನಾನೂ ಹೊರಟೆ. ಕತ್ತಲಾದರೆ ಎಸ್ಟೇಟ್ ದಾರಿಯಲ್ಲಿ ಆನೆ ಇದ್ದರೂ ಇರಬಹುದು. ಅದರ ಫೋಟೋ ತೆಗೆಯೋ ಆಸೆ ನನಗಿಲ್ಲ.

[ದೃಶ್ಯ: ಅಪ್ಪನ ಕೈಯಲ್ಲಿ ಮೊಬೈಲ್. ಪರದೆಯ ಮೇಲೆ ಇವತ್ತಿನ ಫೋಟೋ. ಅಪ್ಪನ ದನಿ: "ಮರ ಯಾರ ತೋಟದ್ದು?"]