ಬಾವಿ ಹಗ್ಗದ ಗಂಟು

ಎಲ್ಲರಿಗೂ ನಮಸ್ಕಾರ.

ಮಂಗಳೂರಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಸಿಟಿ ಬಸ್ ಹತ್ತಿ ಕೂತ್ಕೊಂಡ್ರೆ ಕಂಡಕ್ಟರ್ ಸ್ಟಾಪ್ ಹೆಸರು ಕೂಗ್ತಾ ಹೋಗ್ತಾರಲ್ಲ, ಅದನ್ನ ಒಂದ್ಸಲ ಕಿವಿಗೊಟ್ಟು ಕೇಳಿ. ಪಂಪ್‌ವೆಲ್, ಕೊಡಿಯಾಲ್‌ಬೈಲ್, ಪಡವಿನಂಗಡಿ. ಇನ್ನೊಂದು ಕಡೆ ಗುಜ್ಜರಕೆರೆ, ಎಮ್ಮೆಕೆರೆ. ಉಡುಪಿಗೆ ಬಂದ್ರೆ ಕಲ್ಸಂಕ, ಗುಂಡಿಬೈಲು, ಬೈಲೂರು, ಬೈಲಕೆರೆ. ಮಣಿಪಾಲ ಅಂತ ಆಸ್ಪತ್ರೆ, ಕಾಲೇಜು, ಹದಿನೈದಿಪ್ಪತ್ತು ಮಾಳಿಗೆ ಬಿಲ್ಡಿಂಗಿನ ಊರು ಉಂಟಲ್ಲ, ಆ ಹೆಸರು ಬಂದದ್ದೇ ಮಣ್ಣಪಳ್ಳದಿಂದ ಅಂತಾರೆ, ಪಳ್ಳ ಅಂದ್ರೆ ನೀರು ನಿಲ್ಲುವ ಜಾಗ, ಆ ಕೆರೆ ಈಗಲೂ ಅಲ್ಲೇ ಉಂಟು, ಸಂಜೆ ಜನ ಅದರ ಸುತ್ತ ವಾಕಿಂಗ್ ಹೋಗ್ತಾರೆ.

ನಮ್ಮ ಹಿರಿಯರು ಊರಿಗೆ ಹೆಸರಿಡುವಾಗ ನೀರು ಎಲ್ಲಿ ನಿಲ್ತದೆ, ಎಲ್ಲಿ ಹರೀತದೆ, ಎಲ್ಲಿ ಇಂಗ್ತದೆ ಅಂತ ನೋಡಿಯೇ ಇಟ್ಟಿದ್ದಾರೆ. ಮೇಲೆ ಮುರಕಲ್ಲಿನ (ತೂತು ತೂತಿನ ಕೆಂಪು ಕಲ್ಲಿನ) ಪದವು, ಅಂದ್ರೆ ಎತ್ತರದ ಸಪಾಟು ಜಾಗ, ಅದರ ಇಳಿಜಾರಲ್ಲಿ ಗುಡ್ಡೆ, ಗುಡ್ಡೆಯ ಬುಡದಲ್ಲಿ ಗದ್ದೆ. ಗದ್ದೆಯಲ್ಲೂ ಮೂರು ಜಾತಿ, ಬೆಟ್ಟು, ಮಜಲು, ಬೈಲು. ಬೆಟ್ಟು ಗದ್ದೆ ಎತ್ತರದ್ದು, ಮಳೆ ನೀರು ನಂಬಿ ಏಣೆಲು ಅನ್ನುವ ಮಳೆಗಾಲದ ಒಂದೇ ಬೆಳೆ. ಮಜಲಿನಲ್ಲಿ ಎರಡನೇ ಬೆಳೆ ಸುಗ್ಗಿಯೂ ಆಗ್ತದೆ. ಬೈಲು ಎಲ್ಲದಕ್ಕಿಂತ ತಗ್ಗು, ಅಲ್ಲಿ ನೀರು ಇರ್ತದೆ ಹಾಗಾಗಿ ಮೂರನೇ ಬೆಳೆ ಕೊಳಕೆ ಕೂಡ. ಬೈಲು ಅಂತ ಹೆಸರಿದ್ದ ಜಾಗಕ್ಕೆ ಮಳೆಗಾಲದಲ್ಲಿ ನೀರು ಬಂದೇ ಬರ್ತದೆ, ಅದು ಆ ಜಾಗದ ಕೆಲಸ. ನಾವು ಎಂತ ಮಾಡಿದೆವು? ಪದವನ್ನು ಕಲ್ಲಿನ ಕೋರೆ ಮಾಡಿದೆವು, ಗುಡ್ಡೆ ಜರಿದು ಆ ಕೆಂಪು ಮಣ್ಣು ತಂದು ಬೈಲಿಗೆ ತುಂಬಿಸಿ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿದೆವು. 2018ರ ಮೇ 29ಕ್ಕೆ ಮಂಗಳೂರಲ್ಲಿ ಒಂದೇ ದಿನದ ಮಳೆಗೆ ಮನೆ, ಅಂಗಡಿ, ರಸ್ತೆ ಎಲ್ಲ ನೀರಾಯ್ತು. 2020ರ ಸೆಪ್ಟೆಂಬರ್ 20, ಭಾನುವಾರ, ಉಡುಪಿಯಲ್ಲಿ ಬೆಳಗಾಗುವಾಗ ಕಲ್ಸಂಕ, ಗುಂಡಿಬೈಲು ಕಡೆ ಜನರನ್ನ ದೋಣಿಯಲ್ಲಿ ಹೊರಗೆ ತಂದದ್ದು ನಿಮಗೆಲ್ಲ ನೆನಪಿರಬಹುದು. ಟಿವಿಯಲ್ಲಿ ಪ್ರಕೃತಿ ಮುನಿಸಿಕೊಂಡಿದೆ ಅಂದ್ರು, ನನಗೆ ಮಾತ್ರ ಗುಂಡಿ, ಬೈಲು ಎರಡೂ ಒಂದೇ ಹೆಸರಲ್ಲಿ ಇದ್ದದ್ದು ಯಾಕೆ ಅಂತ ಅವತ್ತು ಸರಿಯಾಗಿ ಅರ್ಥ ಆಯ್ತು.

ಒಂದು ಸಣ್ಣ ಲೆಕ್ಕ ಹೇಳ್ತೇನೆ. ಒಂದು ಎಕ್ರೆ ಗದ್ದೆಗೆ ಹುಣಿ, ಅಂದ್ರೆ ಬದು, ಕಟ್ಟಿ 10 ಸೆಂಟಿಮೀಟರ್ ನೀರು ನಿಲ್ಲಿಸಿದ್ರೆ, ಅಂದ್ರೆ ಒಂದು ಗೇಣಿಗಿಂತ ಕಮ್ಮಿ, ಅದರಲ್ಲಿ 4 ಲಕ್ಷ ಲೀಟರ್ ನೀರು ನಿಂತ ಹಾಗೆ. 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 65ಕ್ಕಿಂತ ಜಾಸ್ತಿ. ಅದು ಒಂದು ಸಲ ನಿಂತು ಹೋಗುವುದಲ್ಲ, ಆಷಾಢ ಶ್ರಾವಣ ಪೂರ್ತಿ ತುಂಬ್ತಾ ಇಂಗ್ತಾ ಇರ್ತದೆ. ಗದ್ದೆ ಹಡಿಲು, ಅಂದ್ರೆ ಬೇಸಾಯ ಮಾಡದೆ ಪಾಳು, ಬಿಟ್ರೆ ಹುಣಿ ಒಡೀತದೆ, ನೀರು ನಿಲ್ಲುವುದಿಲ್ಲ, ಹತ್ತಿರದ ಬಾವಿ ಮಾರ್ಚಿಗೇ ಇಳೀತದೆ. ಉಡುಪಿಯಲ್ಲಿ 2021ರಲ್ಲಿ ಹಡಿಲು ಬಿದ್ದ ಗದ್ದೆಗಳನ್ನ ಮತ್ತೆ ಬೇಸಾಯಕ್ಕೆ ತರುವ ಆಂದೋಲನ ಆಯ್ತಲ್ಲ, ಅಕ್ಕಿ ಎಷ್ಟು ಮುಡಿ ಬಂತು ಅಂತ ಎಲ್ಲರೂ ಕೇಳಿದ್ರು, ಬಾವಿಗೆ ಎಷ್ಟು ನೀರು ಬಂತು ಅಂತಲೂ ಕೇಳ್ಬೇಕಿತ್ತು.

ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಸಾವಿರ ಚದರ ಅಡಿಯ ಒಂದು ಮಾಡಿನ, ಅಂದ್ರೆ ಮನೆ ಛಾವಣಿಯ, ಮೇಲೆ ಬೀಳುವ ನೀರೇ ಮೂರೂವರೆ ಲಕ್ಷ ಲೀಟರ್ ದಾಟ್ತದೆ. ಆದ್ರೂ 2019ರ ಮೇಯಲ್ಲಿ ತುಂಬೆ ಡ್ಯಾಮಲ್ಲಿ ನೀರಿಲ್ಲ ಅಂತ ಮಂಗಳೂರಿಗೆ ರೇಷನ್, ಸ್ವರ್ಣಾ ನದಿಯ ಬಜೆ ಡ್ಯಾಮಲ್ಲಿ ನೀರಿಲ್ಲ ಅಂತ ಉಡುಪಿಗೆ ಟ್ಯಾಂಕರ್.

ಆ ಮೇಯಲ್ಲೇ ನಮ್ಮ ಮನೆ ಬಾವಿಯ ಮೋಟರ್ ಒಂದು ಬೆಳಿಗ್ಗೆ ಬರೀ ಗಾಳಿ ಎಳೆದದ್ದು. ಹಿರಿಯಡ್ಕದ ಹತ್ತಿರ ಒಂದು ಹಳ್ಳಿ ನಮ್ಮದು, ಆ ಬಾವಿ ಬತ್ತಿದ್ದನ್ನ ನಾನು ಕಂಡೇ ಇರ್ಲಿಲ್ಲ. ಬಗ್ಗಿ ನೋಡಿದ್ರೆ ತಳದ ಪಾದೆಕಲ್ಲು ಕಾಣ್ತಾ ಇತ್ತು, ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಒಸರು. ಆಗ ನೆನಪಾದದ್ದು ಅಜ್ಜಿಯ ಗಂಟು.

ನಾನು ಸಣ್ಣವನಿರುವಾಗ ಬಾವಿಗೆ ರಾಟೆ, ಹಗ್ಗ, ಕೊಡಪಾನ. ಹಗ್ಗದ ನಡುವಲ್ಲಿ ಒಂದು ಕಡೆ ಹಳೆ ಕೆಂಪು ಸೀರೆಯ ಅಂಚು ಸೇರಿಸಿ ಅಜ್ಜಿ ಒಂದು ಗಂಟು ಹಾಕಿದ್ರು. ಕೊಡಪಾನ ನೀರು ಮುಟ್ಟುವ ಮೊದಲೇ ಆ ಗಂಟು ರಾಟೆ ದಾಟಿ ಒಳಗೆ ಇಳೀತು ಅಂದ್ರೆ ಅವತ್ತಿನಿಂದ ಬಸಳೆ ಚಪ್ಪರಕ್ಕೆ ಬಾವಿ ನೀರಿಲ್ಲ, ಬಟ್ಟೆ ಒಗೆಯುವುದು ತೋಡಿನಲ್ಲಿ, ಅಂದ್ರೆ ಸಣ್ಣ ಹಳ್ಳದಲ್ಲಿ, ದನಕ್ಕೆ ಮತ್ತು ಅಡಿಗೆಗೆ ಮಾತ್ರ ಬಾವಿದ್ದು. ಯಾರೂ ಚರ್ಚೆ ಮಾಡ್ತಿರ್ಲಿಲ್ಲ. ಗಂಟು ಇಳಿದಿದೆ ಅಂದ್ರೆ ಇಳಿದಿದೆ. ಮೋಟರ್ ಬಂದ ಮೇಲೆ ಹಗ್ಗ ಕೊಟ್ಟಿಗೆಯ ಅಟ್ಟಕ್ಕೆ ಹೋಯ್ತು, ಸ್ವಿಚ್ ಹಾಕಿದ್ರೆ ನೀರು, ಒಳಗೆ ಎಷ್ಟು ಉಂಟು ಅಂತ ನೋಡುವ ಅಗತ್ಯವೇ ಬೀಳ್ಲಿಲ್ಲ.

ಈಗ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳ್ತಾ ಇರುವುದು ಹೆಚ್ಚುಕಮ್ಮಿ ಇದೇ ಗಂಟಿನ ವಿಷಯ. ಪ್ಲಾನೆಟರಿ ಹೆಲ್ತ್ ಅಂತಾರೆ, ಮನುಷ್ಯನ ಆರೋಗ್ಯ ಮತ್ತು ಭೂಮಿಯ ಆರೋಗ್ಯ ಒಂದೇ ಕಡ್ತದಲ್ಲಿ, ಅಂದ್ರೆ ಲೆಕ್ಕದ ಪುಸ್ತಕದಲ್ಲಿ, ಬರೆಯುವ ಲೆಕ್ಕ ಅಂತ. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯೂ ರಾಕ್‌ಫೆಲರ್ ಫೌಂಡೇಶನ್ನೂ ಸೇರಿ ಮಾಡಿದ ಆಯೋಗ ಇದರ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಅದಕ್ಕೂ ಮೊದಲು 2009ರಲ್ಲಿ ಜೊಹಾನ್ ರಾಕ್‌ಸ್ಟ್ರಾಮ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಯವರು ಭೂಮಿಗೆ 9 ಮಿತಿಗಳನ್ನ ಗುರುತಿಸಿದ್ರು, ಇಷ್ಟರ ಒಳಗೆ ಇದ್ರೆ ಕ್ಷೇಮ, ದಾಟಿದ್ರೆ ಅಪಾಯ ಅಂತ. 2023ರಲ್ಲಿ ಮತ್ತೆ ಲೆಕ್ಕ ಹಾಕಿದಾಗ 9ರಲ್ಲಿ 6 ದಾಟಿ ಆಗಿತ್ತು. ಆ ಆರರಲ್ಲಿ ಸಿಹಿನೀರೂ ಒಂದು. ಬರೀ ನದಿ ಕೆರೆಯ ನೀರಲ್ಲ, ಗಿಡದ ಬೇರಿಗೆ ಸಿಗುವ ಹಾಗೆ ಮಣ್ಣಿನೊಳಗೆ ಇರುವ ತೇವವನ್ನೂ ಅವರು ಲೆಕ್ಕಕ್ಕೆ ತಗೊಂಡಿದ್ದಾರೆ. ಇದನ್ನ ಓದುವಾಗ ನನಗೆ ಮೈ ಜುಂ ಅಂತು, ಯಾಕೆ ಅಂದ್ರೆ ಮಣ್ಣಿನ ತೇವಕ್ಕೆ, ಒಸರಿಗೆ, ಒರತೆಗೆ ಬೇರೆ ಬೇರೆ ಶಬ್ದ ಇಟ್ಕೊಂಡು ಬದುಕಿದ ಜನ ನಾವು.

ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆಯುವ ಸುರಂಗ ನೋಡಿ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಡಿಕೆ ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡ್ತಿದ್ದವರು, ಸಿಕ್ಕಿದ್ದು ಎರಡು ಎಕ್ರೆ ಬೋಳು ಗುಡ್ಡೆ. ಹಗಲು ಕೂಲಿ, ಬಿಡುವಾದಾಗ ದೀಪ ಹಿಡ್ಕೊಂಡು ಒಬ್ಬರೇ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಅಗೀತಾ ಹೋದ್ರು. ಮೊದಲಿನ ಸುರಂಗಗಳಲ್ಲಿ ನೀರೇ ಸಿಗ್ಲಿಲ್ಲ, ಬಿಡ್ಲಿಲ್ಲ, ಮತ್ತೆ ಅಗೆದ್ರು, ಕೊನೆಗೆ ನೀರು ಬಂತು, ಗುಡ್ಡೆ ತೋಟ ಆಯ್ತು. ಸುರಂಗದ ಒಳಗೆ ನಾನೊಮ್ಮೆ ಬೇರೊಂದು ಕಡೆ ಹೋಗಿದ್ದೇನೆ, ಬೆನ್ನು ಬಗ್ಗಿಸಿ ಒಬ್ಬ ಹೋಗುವಷ್ಟೇ ಜಾಗ, ಮುರಕಲ್ಲಿನ ಗೋಡೆ ಕೈಗೆ ತಂಪು, ಕೊನೆಯಲ್ಲಿ ಟಾರ್ಚ್ ಬಿಟ್ರೆ ಕಲ್ಲಿನ ತೂತು ತೂತಿಂದ ಹನಿ ಇಳಿದು ಕಾಲಡಿಯಲ್ಲಿ ಬೆರಳು ಗಾತ್ರದ ಧಾರೆಯಾಗಿ ಹೊರಗೆ ಹರೀತದೆ. ಕರೆಂಟು ಬೇಡ, ಪಂಪು ಬೇಡ. ಮುಖ್ಯ ವಿಷಯ ಎಂತ ಅಂದ್ರೆ ಗುಡ್ಡೆ ಕೊಟ್ಟದ್ದಕ್ಕಿಂತ ಒಂದು ಹನಿ ಜಾಸ್ತಿ ತೆಗೀಲಿಕ್ಕೆ ಸುರಂಗದಲ್ಲಿ ಆಗುವುದಿಲ್ಲ. ಬೋರ್‌ವೆಲ್ಲಿಗೆ ಈ ಮಿತಿ ಇಲ್ಲ, ಅದು ನೂರಾರು ಅಡಿ ಕೆಳಗೆ ಹೋಗಿ ಪಕ್ಕದ ಮನೆಯವರ ಪಾಲಿನದ್ದನ್ನೂ ಎಳೀತದೆ. ಗುಡ್ಡೆಯ ತಲೆಯಲ್ಲಿ ಮದಕ, ಅಂದ್ರೆ ಮಳೆ ನೀರು ನಿಲ್ಲುವ ಕೆರೆ, ಇದ್ದು ಮಳೆ ನೀರು ಅಲ್ಲಿ ಇಂಗಿದ್ರೆ ಮಾತ್ರ ಕೆಳಗೆ ಸುರಂಗ ಜೀವ ಇರ್ತದೆ, ಹಾಗಾಗಿ ಸುರಂಗ ಇದ್ದವನು ಗುಡ್ಡೆಯ ಮರ ಕಡಿಯುವ ಮೊದಲು ಹತ್ತು ಸಲ ಯೋಚಿಸ್ತಾನೆ.

ಕಾಡು ಕಡಿದ್ರೆ ಬರೀ ನೀರು ಹೋಗುವುದಲ್ಲ, ಕಾಯಿಲೆಯೂ ಬರ್ತದೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದದ್ದು, ಉಣುಗಿನಿಂದ ಹರಡುವಂಥದ್ದು. ನಮ್ಮ ಆಗಿನ ಅವಿಭಜಿತ ಜಿಲ್ಲೆಗೆ ಅದು ದೊಡ್ಡದಾಗಿ ಬಂದದ್ದು 1980ರ ದಶಕದ ಶುರುವಿನಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ, ಗೇರು ತೋಟ ಮಾಡ್ಲಿಕ್ಕೆ ಅಂತ ಕಾಡು ಸವರಿದ ಮೇಲೆ. ಎಷ್ಟೋ ಮನೆಯವರು ಜನ ಕಳ್ಕೊಂಡ್ರು. ಮಂಗಳೂರು ಸಿಟಿಯ ಮಲೇರಿಯಾ ಕೂಡ ಹಾಗೆಯೇ, 1990ರ ನಂತರ ಬಿಲ್ಡಿಂಗ್ ಕೆಲಸ ಜೋರಾದ ಹಾಗೆ ಜ್ವರವೂ ಜೋರಾಯ್ತು.

ತುಳುವರ ಕೆಡ್ಡಸ ಹಬ್ಬ ನಿಮಗೆಲ್ಲ ಗೊತ್ತುಂಟು. ಫೆಬ್ರವರಿಯಲ್ಲಿ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಅಂತ ಹಾರೆ ಪಿಕ್ಕಾಸು ಮುಟ್ಟುವುದಿಲ್ಲ, ಹಸಿ ಮರ ಕಡಿಯುವುದಿಲ್ಲ, ಕೊನೆಗೆ ತುಳಸಿಕಟ್ಟೆ ಹತ್ತಿರ ನೆಲಕ್ಕೆ ಎಣ್ಣೆ ಬಿಡ್ತಾರೆ, ನನ್ನೆರಿ ಅನ್ನುವ ತಿಂಡಿ ಹಂಚ್ತಾರೆ. ನಮ್ಮ ಮನೆಯಲ್ಲಿ ಈಗಲೂ ಉಂಟು. ಆದ್ರೆ ಕಳೆದ ಸಲ ಅಮ್ಮ ಎಣ್ಣೆ ಬಿಡುವಾಗ ಆಚೆ ಗುಡ್ಡೆಯಲ್ಲಿ ಜೆಸಿಬಿ ಸದ್ದು ಕೇಳ್ತಾ ಇತ್ತು, ಅಮ್ಮ ಒಂದು ಗಳಿಗೆ ಕೈ ನಿಲ್ಲಿಸಿ ಆ ಕಡೆ ನೋಡಿದ್ರು, ಮತ್ತೆ ಎಣ್ಣೆ ಬಿಟ್ರು. ಆ ಮುಖ ನನಗೆ ಮರೀಲಿಕ್ಕೆ ಆಗುವುದಿಲ್ಲ.

ಹಳೆಯದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ತೋಡಿಂದ ಗದ್ದೆಗೆ ಏರಿ ಬರುವ ಮೀನನ್ನ ಹಿಡಿಯುವ ಗೌಜಿ ನಮ್ಮಲ್ಲಿ ಉಂಟು, ಅದು ತಪ್ಪು ಅಂತಲೇ ನನಗೆ ಕಾಣ್ತದೆ. ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿಗೆ ರಜೆ ಕೊಡ್ತೇವೆ ಅಂದ್ರೆ ತೋಡಿನ ಮೀನಿಗೂ ಒಂದು ವಾರ ಕೊಡ್ಲಿಕ್ಕೆ ಆಗ್ಬೇಕು. ಇನ್ನೊಂದು, ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ, ಅಂದ್ರೆ ತೊಗಟೆಯ, ಕಷಾಯ. ಬೆಳಗಾಗುವ ಮೊದಲು ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತರುವುದು ಕ್ರಮ. ಮರ ಸರಿಯಾಗಿ ಗುರುತಿಲ್ಲದವರು ವಿಷದ ಮರ ಕಾಸರಕದ ಕೆತ್ತೆ ತಂದು ಕುಡಿದ್ರೆ ಜೀವಕ್ಕೇ ಅಪಾಯ. ನಮ್ಮ ಅಜ್ಜ ಹಿಂದಿನ ದಿನ ಹಗಲೇ ಹೋಗಿ ಎಲೆ ಎಣಿಸಿ, ಹಾಲು ಬರ್ತದಾ ನೋಡಿ, ಮರಕ್ಕೆ ಬಳ್ಳಿ ಕಟ್ಟಿ ಗುರುತು ಮಾಡಿ ಬರ್ತಿದ್ರು. ಈಗ ವಾಟ್ಸಾಪಲ್ಲಿ ಕಷಾಯದ ಫೋಟೊ ಸಿಗ್ತದೆ, ಆ ಹಿಂದಿನ ದಿನದ ಕೆಲಸ ಸಿಗುವುದಿಲ್ಲ. ಮರ ಗೊತ್ತಿದ್ದ ಹಿರಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ರೆ ದಯವಿಟ್ಟು ಮಕ್ಕಳನ್ನ ಅವರ ಜೊತೆ ಒಂದ್ಸಲ ಗುಡ್ಡೆಗೆ ಕಳಿಸಿ.

2019ರ ಆ ಮೇ ಆದ ಮೇಲೆ ನಮ್ಮ ವಠಾರದ ಏಳೆಂಟು ಮನೆಯವರು ಕೂತು ಮಾತಾಡಿ, ತೋಡಿಗೆ ಮತ್ತೆ ಕಟ್ಟ, ಅಂದ್ರೆ ನೀರು ತಡೆಯುವ ಅಡ್ಡ ಒಡ್ಡು, ಹಾಕುವ ಅಂತ ಆಯ್ತು. ಕಟ್ಟ ಹಾಕುವುದು ಡಿಸೆಂಬರ್ ಹೊತ್ತಿಗೆ, ತೋಡಿನ ರಭಸ ಇಳಿದ ಮೇಲೆ. ಬೇಗ ಹಾಕಿದ್ರೆ ಹಿಂಗಾರು ಮಳೆಗೆ ಕೊಚ್ಚಿ ಹೋಗ್ತದೆ, ತಡ ಮಾಡಿದ್ರೆ ಹಿಡೀಲಿಕ್ಕೆ ನೀರಿರುವುದಿಲ್ಲ. ಅಡಿಕೆ ಮರದ ಸಲಾಕೆ ಅಡ್ಡಕ್ಕೆ, ಎರಡು ಸಾಲು ಕಲ್ಲು, ನಡುವೆ ಮಣ್ಣು ಸೊಪ್ಪು ಹಾಕಿ ತುಳಿಯುವುದು. ಮೊದಲ ವರ್ಷ ನಮಗೆ ಯಾರಿಗೂ ಸರಿ ಗೊತ್ತಿರ್ಲಿಲ್ಲ, ಮಧ್ಯದಲ್ಲಿ ಒಂದು ಕಡೆ ನೀರು ನುಗ್ಗಿ ಮಣ್ಣೆಲ್ಲ ತೊಳ್ಕೊಂಡು ಹೋಯ್ತು. ಎಂಬತ್ತು ದಾಟಿದ ಒಬ್ಬರು ಹಿರಿಯರು ದಡದಲ್ಲಿ ಕುರ್ಚಿ ಹಾಕಿ ಕೂತು ನೋಡ್ತಾ ಇದ್ದವರು, ಎದ್ದು ಬಂದು, ಬರೀ ಮಣ್ಣು ಹಾಕ್ಬೇಡಿ, ಗೆದ್ದಲು ಹುತ್ತದ ಮಣ್ಣು ತನ್ನಿ, ಅದು ಅಂಟು ಹಿಡೀತದೆ ಅಂದ್ರು. ತಂದೆವು. ಹಿಡೀತು. ಸಂಜೆ ಹೊತ್ತಿಗೆ ನೀರು ಮೊಣಕಾಲಿಗೆ ಬಂತು, ಮರುದಿನ ಬೆಳಿಗ್ಗೆ ಸೊಂಟಕ್ಕೆ, ಮೇಲಿಂದ ಕೊಕ್ಕರೆ ಬಂದು ನಿಂತಿತ್ತು. ಹತ್ತು ದಿನದಲ್ಲಿ ಕಟ್ಟದಿಂದ ಸಾಕಷ್ಟು ದೂರದ ನಮ್ಮ ಬಾವಿಯಲ್ಲೂ ನೀರು ಏರಿದ್ದು ಕಂಡಿತು.

ಆ ಹಿರಿಯರು ಈಗ ಇಲ್ಲ. ಕಟ್ಟ ಪ್ರತಿ ವರ್ಷ ಹಾಕ್ತೇವೆ, ಮಳೆಗಾಲದ ಮೊದಲು ಬಿಚ್ತೇವೆ, ಮೇಲೆ ಇನ್ನೊಂದು ವಠಾರದವರೂ ಎರಡು ಕಟ್ಟ ಶುರು ಮಾಡಿದ್ದಾರೆ. ಮಾಡಿನ ನೀರನ್ನ ಮರಳು ಜಲ್ಲಿಯ ಡ್ರಮ್ಮಿಂದ ಸೋಸಿ ಬಾವಿಗೇ ಬಿಡ್ತೇವೆ.

ಅಟ್ಟದಲ್ಲಿದ್ದ ಹಗ್ಗ ಕೆಳಗಿಳಿಸಿದಾಗ ಇಲಿ ಕಡಿದು ತುಂಡಾಗಿತ್ತು, ಕೆಂಪು ಬಟ್ಟೆಯ ಗಂಟು ಮಾತ್ರ ಗಟ್ಟಿ ಇತ್ತು. ಅದನ್ನ ಬಿಚ್ಚಿ ಹೊಸ ನೈಲಾನ್ ಹಗ್ಗಕ್ಕೆ ಕಟ್ಟಿದ್ದೇವೆ, ಮೋಟರ್ ಇದ್ರೂ. ನಾಲ್ಕನೇ ಕ್ಲಾಸಿನ ಮಗಳು ಪ್ರತಿ ಶನಿವಾರ ಶಾಲೆಯಿಂದ ಬಂದವಳೇ ಕೊಡಪಾನ ಇಳಿಸಿ, ಗಂಟು ರಾಟೆಯಿಂದ ಎಷ್ಟು ಈಚೆ ಉಳಿದಿದೆ ಅಂತ ಗೇಣು ಹಾಕಿ ನೋಡಿ ಗೋಡೆಯ ಕ್ಯಾಲೆಂಡರಲ್ಲಿ ಬರೀತಾಳೆ. ಈ ವರ್ಷದ ಮೇ ತಿಂಗಳ ಕೊನೆಯ ಶನಿವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ ಉಂಟು, 3 ಗೇಣು.

ನಮಸ್ಕಾರ.