ಎರಡು ದಿನದಲ್ಲಿ ಒಪ್ಪಿದ 75 ವರ್ಷದ ಕರಾರು

ಕೇಳುಗರಿಗೆ ನಮಸ್ಕಾರ.

ನಗರಸಭೆಯ ಕಲಾಪ ಅಂದರೆ ಕೂತು ಕೇಳುವಷ್ಟು ಸ್ವಾರಸ್ಯದ ವಿಷಯ ಅಲ್ಲ ಅಂತ ಎಲ್ಲರಿಗೂ ಗೊತ್ತು. ರಸ್ತೆಗೆ ಡಾಂಬರು, ಚರಂಡಿ ದುರಸ್ತಿ, ಅಂಗಡಿ ಪರವಾನಗಿ, ಟೆಂಡರ್ ಮಂಜೂರಾತಿ. ಒಂದೊಂದೇ ವಿಷಯ ಓದುತ್ತಾರೆ, ಸದಸ್ಯರು ಕೈ ಎತ್ತುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಆದರೆ ಹೀಗೆ ಸರಸರ ಪಾಸಾಗುವ ವಿಷಯಗಳ ನಡುವೆ ಮೊಮ್ಮಕ್ಕಳ ಕಾಲದವರೆಗೂ ಊರಿನ ಕೈ ಕಟ್ಟಿಹಾಕುವಂಥದ್ದೂ ಒಂದು ಇರಬಹುದು. ಅಂಥ ಒಂದು ತೀರ್ಮಾನದ ಕಥೆ ಇವತ್ತು ಹೇಳುತ್ತೇನೆ. ಊರು ಅಮೆರಿಕದ ಶಿಕಾಗೊ. ವಸ್ತು, ರಸ್ತೆ ಬದಿಯ ಪಾರ್ಕಿಂಗ್ ಮೀಟರ್, ಅಂದರೆ ಗಾಡಿ ನಿಲ್ಲಿಸುವವರಿಂದ ಗಂಟೆಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಯಂತ್ರ.

ಶಿಕಾಗೊದಲ್ಲಿ 50 ವಾರ್ಡುಗಳಿವೆ, 50 ಸದಸ್ಯರಿದ್ದಾರೆ. 2008ರಲ್ಲಿ ಅಲ್ಲಿನ ಮೇಯರ್ ರಿಚರ್ಡ್ ಎಂ. ಡೇಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತ್ತು. ಎಲ್ಲ ಕಡೆ ಹಣಕಾಸಿನ ಬಿಕ್ಕಟ್ಟು. ನಗರದ ಬಜೆಟ್ಟಿನಲ್ಲೂ ದೊಡ್ಡ ಕೊರತೆ. ಆಗ ಮೇಯರ್ ಒಂದು ದಾರಿ ತೋರಿಸಿದರು. ನಗರದ ಸುಮಾರು 36,000 ಮೀಟರುಗಳನ್ನು ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಡೋಣ, ಅವರು ಇಡೀ ದುಡ್ಡನ್ನು ಈಗಲೇ ಕೊಡುತ್ತಾರೆ. ಎಷ್ಟು? ಸುಮಾರು 115 ಕೋಟಿ ಡಾಲರ್. ಎಷ್ಟು ವರ್ಷಕ್ಕೆ? 75 ವರ್ಷಕ್ಕೆ.

ಡಿಸೆಂಬರ್ 2ರಂದು ಮೇಯರ್ ಇದನ್ನು ಪ್ರಕಟಿಸಿದರು. ಡಿಸೆಂಬರ್ 4ರಂದು ನಗರಸಭೆ ಮತ ಹಾಕಿತು. ಪರವಾಗಿ 40, ವಿರುದ್ಧ 5. ಮುಗಿಯಿತು. ಆ ದಿನ ಕೈ ಎತ್ತಿದ ಸದಸ್ಯರ ಅವಧಿ ನಾಲ್ಕು ವರ್ಷ. ಅವರು ಒಪ್ಪಿದ ಕರಾರು ಮುಗಿಯುವ ಹೊತ್ತಿಗೆ 2080 ದಾಟಿರುತ್ತದೆ.

ಇಷ್ಟು ಅವಸರ ಹೇಗೆ ಸಾಧ್ಯವಾಯಿತು ಅಂತ ನಿಮಗೆ ಅನ್ನಿಸಬಹುದು. ಅವರಿಗೆ ಇದು ಮೊದಲ ಸಲ ಅಲ್ಲ. ಸ್ಕೈವೇ ಅನ್ನುವ ಟೋಲ್ ರಸ್ತೆಯನ್ನು 2005ರಲ್ಲಿ 183 ಕೋಟಿ ಡಾಲರಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. 2006ರಲ್ಲಿ ನಗರದ ಮಧ್ಯದ ಉದ್ಯಾನಗಳ ಕೆಳಗಿರುವ ಪಾರ್ಕಿಂಗ್ ತಾಣಗಳನ್ನೂ 99 ವರ್ಷಕ್ಕೇ ಕೊಟ್ಟರು. ಹೀಗೆ ದುಡ್ಡು ಬಂದಾಗ ಬೈಯುವವರು ಕಡಿಮೆ. ತೆರಿಗೆ ಏರಿಸಬೇಕಿಲ್ಲ, ನೌಕರರನ್ನು ತೆಗೆಯಬೇಕಿಲ್ಲ. ಎರಡು ಸಲ ಹೀಗೆ ಆದ ಮೇಲೆ ಮೂರನೆಯದು ರೂಢಿಯಾಗಿಬಿಡುತ್ತದೆ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಶಿಕಾಗೊದ ಬಹುತೇಕ ಬಡಾವಣೆಗಳಲ್ಲಿ ಗಂಟೆಗೆ 25 ಸೆಂಟ್ ಕೊಟ್ಟರೆ ಗಾಡಿ ನಿಲ್ಲಿಸಬಹುದಿತ್ತು. ದರ ಏರಿಸುವ ಅಧಿಕಾರ ನಗರಸಭೆಯ ಕೈಯಲ್ಲೇ ಇತ್ತು. ಆದರೆ ಏರಿಸಿದವರ ಹೆಸರು ಕೆಡುತ್ತದೆ, ಮುಂದಿನ ಚುನಾವಣೆಯಲ್ಲಿ ಮತದಾರರು ಅದನ್ನೇ ಎತ್ತಿ ಆಡುತ್ತಾರೆ. ಹಾಗಾಗಿ ಆ ಗೋಜಿಗೆ ಹೋಗುವವರಿರಲಿಲ್ಲ. ಹೊಸ ಕರಾರಿನಲ್ಲಿ ದರ ಏರಿಕೆಯನ್ನು ಮೊದಲೇ ಬರೆದಿಟ್ಟಿದ್ದರು. 25 ಸೆಂಟ್ ಇದ್ದದ್ದು 2009ರಲ್ಲಿ ಒಂದು ಡಾಲರ್ ಆಯಿತು, 2013ಕ್ಕೆ ಎರಡು ಡಾಲರ್. ನಗರದ ಮಧ್ಯಭಾಗವಾದ ಲೂಪ್‌ನಲ್ಲಿ ಮೂರು ಡಾಲರ್ ಇದ್ದದ್ದು ಅದೇ ಅವಧಿಯಲ್ಲಿ ಆರೂವರೆಗೆ ಏರಿತು. ಸದಸ್ಯರು ತಾವೇ ಏರಿಸಿದ್ದರೆ ಬೈಗುಳವೂ ಅವರದ್ದು, ದುಡ್ಡೂ ಊರಿನದ್ದು ಆಗುತ್ತಿತ್ತು. ಈಗ ದುಡ್ಡು ಕಂಪನಿಗೆ ಹೋಯಿತು, ಬೈಗುಳ ಮಾತ್ರ ಅವರಿಗೇ ಉಳಿಯಿತು!

ಬೈಗುಳ ಅಂದರೆ ಸಣ್ಣದಲ್ಲ. 2009ರ ಆರಂಭದಲ್ಲಿ ಲೂಪ್‌ನಲ್ಲಿ ಎರಡು ಗಂಟೆ ಗಾಡಿ ನಿಲ್ಲಿಸಲು 28 ನಾಣ್ಯ ಹಾಕಬೇಕಿತ್ತು. ಕಾಲು ಡಾಲರಿನ ನಾಣ್ಯ, 28. ಹಳೆಯ ಮೀಟರುಗಳ ಹೊಟ್ಟೆ ತುಂಬಿ ಕೆಟ್ಟು ನಿಂತವು. ಜನ ಮೀಟರ್ ಇರುವ ಜಾಗವನ್ನೇ ಬಿಟ್ಟು ಹೋಗತೊಡಗಿದರು. ಆಮೇಲೆ ಕಾರ್ಡ್ ತೆಗೆದುಕೊಳ್ಳುವ ಹೊಸ ಯಂತ್ರಗಳು ಬಂದವು, ಆ ತೊಂದರೆ ತೀರಿತು. ದೊಡ್ಡ ತೊಂದರೆ ಬೇರೆಯೇ ಇತ್ತು.

2009ರ ಜೂನ್‌ನಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ನಗರಾಡಳಿತದ ಅಕ್ರಮ, ದುಂದುಗಳನ್ನು ಪರಿಶೀಲಿಸುವ ಅಧಿಕಾರಿ, ಡೇವಿಡ್ ಹಾಫ್‌ಮನ್ ಒಂದು ವರದಿ ಕೊಟ್ಟರು. ನಗರವೇ ಆ ಮೀಟರುಗಳನ್ನು ಇಟ್ಟುಕೊಂಡು ಅದೇ ದರ ವಸೂಲಿ ಮಾಡಿದ್ದರೆ ಅವುಗಳ ಬೆಲೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿದ್ದರು. ಸಿಕ್ಕಿದ್ದು ಅದಕ್ಕಿಂತ 97 ಕೋಟಿ 40 ಲಕ್ಷ ಡಾಲರ್ ಕಡಿಮೆ ಅಂತ ಬಂತು. ಮೇಯರ್ ಕಡೆಯವರು ಈ ಲೆಕ್ಕವನ್ನು ಒಪ್ಪಲಿಲ್ಲ. ಮುಂದೆ ಆದಾಯ ಕುಸಿದರೆ ಆ ನಷ್ಟವನ್ನು ಹೊರುವುದು ಕಂಪನಿ ತಾನೇ ಅಂತ ವಾದಿಸಿದರು. ಆ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, 75 ವರ್ಷದ ಆದಾಯಕ್ಕೆ ಇವತ್ತಿನ ಬೆಲೆ ಕಟ್ಟುವಾಗ ಊಹೆ ಸ್ವಲ್ಪ ಬದಲಾದರೂ ಮೊತ್ತ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಆದರೆ ನನ್ನ ತಕರಾರು ಬೇರೆ. ಈ ಲೆಕ್ಕ ಸದಸ್ಯರ ಮೇಜಿಗೆ ಮತ ಹಾಕುವ ಮೊದಲು ಬರಬೇಕಿತ್ತು. ಬಂದದ್ದು ಆರು ತಿಂಗಳ ನಂತರ. ಬಂದ ದುಡ್ಡಿನ ಬಹುಪಾಲು ಎರಡು ಮೂರು ವರ್ಷದ ಬಜೆಟ್ ಕೊರತೆ ತುಂಬುವುದರಲ್ಲೇ ಕರಗಿತು.

ದುಡ್ಡಿನ ಮಾತು ಹಾಗಿರಲಿ. ಕರಾರಿನಲ್ಲಿ ಇನ್ನೊಂದು ಷರತ್ತು ಇತ್ತು. ನಗರದ ಯಾವುದೋ ತೀರ್ಮಾನದಿಂದ ಮೀಟರಿನ ಆದಾಯ ಕಡಿಮೆಯಾದರೆ ನಗರ ಕಂಪನಿಗೆ ಆ ನಷ್ಟ ತುಂಬಿಕೊಡಬೇಕು. ಅಂದರೆ ಏನು? ರಸ್ತೆ ಅಗೆದರೆ ಲೆಕ್ಕ. ಮೆರವಣಿಗೆಗೆ ಅಂತ ರಸ್ತೆ ಮುಚ್ಚಿದರೆ ಲೆಕ್ಕ. ಸೈಕಲ್ ಪಥ ಮಾಡಬೇಕು, ಬಸ್ಸಿಗೆ ಪ್ರತ್ಯೇಕ ಪಥ ಬೇಕು ಅಂತ ಮೀಟರ್ ಇರುವ ಸಾಲನ್ನು ತೆಗೆದರೆ ಒಂದೋ ಬೇರೆ ಕಡೆ ಅಷ್ಟೇ ಆದಾಯದ ಜಾಗ ತೋರಿಸಬೇಕು, ಇಲ್ಲವೇ ದುಡ್ಡು ಕಟ್ಟಬೇಕು. ಅಂಗವಿಕಲರ ಗಾಡಿಗಳಿಗೆ ಉಚಿತ ನಿಲುಗಡೆ ಇತ್ತು, ಅದಕ್ಕೂ ಕಂಪನಿ ನಗರಕ್ಕೆ ಬಿಲ್ ಕಳಿಸಿತು.

ನೋಡಿ, ಇಲ್ಲಿಗೆ ಬಂದಾಗ ಅದು ಮೀಟರಿನ ವ್ಯಾಪಾರವಾಗಿ ಉಳಿಯಲಿಲ್ಲ. ಒಂದು ರಸ್ತೆಯನ್ನು ಏನು ಮಾಡಬೇಕು ಅಂತ ತೀರ್ಮಾನಿಸುವ ಹಕ್ಕನ್ನೇ ನಗರಸಭೆ ಅಡವಿಟ್ಟಂತಾಯಿತು. ಪಾರ್ಕಿಂಗ್ ಒಂದು ವಿಷಯ, ಸೈಕಲ್ ಪಥ ಇನ್ನೊಂದು, ಹಬ್ಬದ ಮೆರವಣಿಗೆ ಮತ್ತೊಂದು ಅಂತ ಕಾರ್ಯಸೂಚಿಯಲ್ಲಿ ಬೇರೆ ಬೇರೆ ಸಂಖ್ಯೆ ಹಾಕಿರುತ್ತಾರೆ. ರಸ್ತೆಯ ಮೇಲೆ ಮಾತ್ರ ಅವೆಲ್ಲ ಒಂದೇ ಜಾಗಕ್ಕೆ ಬಂದು ಕೂಡುತ್ತವೆ.

ಡೇಲಿ 2011ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. ರಾಮ್ ಇಮ್ಯಾನುಯೆಲ್ ಮೇಯರ್ ಆದರು. 2013ರಲ್ಲಿ ಅವರು ಕಂಪನಿಯ ಜೊತೆ ಮಾತಾಡಿ ಬಡಾವಣೆಗಳಲ್ಲಿ ಭಾನುವಾರ ಉಚಿತ ಮಾಡಿಸಿದರು. ಅದಕ್ಕೆ ಬದಲಾಗಿ ಎಷ್ಟೋ ಕಡೆ ರಾತ್ರಿ ಹೊತ್ತು ಮೀಟರ್ ಓಡುವ ಸಮಯ ಜಾಸ್ತಿ ಮಾಡಬೇಕಾಯಿತು. ಅದೇ ವರ್ಷ ಮಿಡ್‌ವೇ ವಿಮಾನ ನಿಲ್ದಾಣವನ್ನು ಗುತ್ತಿಗೆ ಕೊಡುವ ಮಾತು ಬಂತು. ಈ ಸಲ ಅವಧಿ 40 ವರ್ಷದೊಳಗೇ ಇರಬೇಕು, ಮುಂದಿನ ಆದಾಯದಲ್ಲೂ ನಗರಕ್ಕೆ ಪಾಲು ಬೇಕು ಅಂತ ಮೊದಲೇ ಹೇಳಿದ್ದರು. ಕೊನೆಗೆ ಕಣದಲ್ಲಿ ಒಬ್ಬನೇ ಬಿಡ್ಡುದಾರ ಉಳಿದಾಗ ಮಾತುಕತೆಯನ್ನೇ ಕೈಬಿಟ್ಟರು. ಪೈಪೋಟಿ ಇಲ್ಲದ ಕಡೆ ಬೆಲೆ ಸರಿಯೋ ತಪ್ಪೋ ಅಂತ ಹೇಳುವವರು ಯಾರು, ಅಲ್ವಾ?

ಹಾಗಂತ ಖಾಸಗಿಯವರಿಗೆ ಕೆಲಸ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಸ ಎತ್ತುವುದು, ದೀಪ ನೋಡಿಕೊಳ್ಳುವುದು, ರಸ್ತೆ ಹಾಕುವುದು, ಇವನ್ನೆಲ್ಲ ಯಾವ ಊರಿನ ಆಡಳಿತವೂ ಪೂರ್ತಿ ತಾನೇ ಮಾಡಲಾರದು. ಗುತ್ತಿಗೆ ಎಂದು ಮುಗಿಯುತ್ತದೆ, ಮುಗಿಯುವ ಮೊದಲು ಮನಸ್ಸು ಬದಲಾದರೆ ಏನು ಕೊಡಬೇಕಾಗುತ್ತದೆ, ಇವೆರಡನ್ನು ಕೇಳಬೇಕು ಅನ್ನುವುದಷ್ಟೇ ನನ್ನ ಮಾತು. ಬಂದ ಮೊತ್ತ ಪತ್ರಿಕೆಯ ಮುಖಪುಟದಲ್ಲಿರುತ್ತದೆ. ಈ ಎರಡು ಉತ್ತರ ಕರಾರಿನ ಹಿಂದಿನ ಪುಟಗಳಲ್ಲಿರುತ್ತವೆ.

ಪ್ಯಾರಿಸ್ ನಗರದಲ್ಲಿ ಈ ಮೊದಲ ಪ್ರಶ್ನೆಗೆ ಉತ್ತರ ಚೆನ್ನಾಗಿತ್ತು. 1985ರಲ್ಲಿ ಅಲ್ಲಿನ ನೀರು ಹಂಚುವ ಕೆಲಸವನ್ನು ಎರಡು ದೊಡ್ಡ ಕಂಪನಿಗಳಿಗೆ ವಹಿಸಿದ್ದರು. ಸೇನ್ ನದಿಯ ಒಂದು ದಡ ಒಬ್ಬರಿಗೆ, ಇನ್ನೊಂದು ದಡ ಇನ್ನೊಬ್ಬರಿಗೆ. ಅವಧಿ 25 ವರ್ಷ. ಅದು ಕೂಡ ಕಡಿಮೆಯೇನಲ್ಲ. ಆದರೆ 2009ರ ಕೊನೆಗೆ ಅದು ತಾನಾಗಿಯೇ ಮುಗಿಯುವುದಿತ್ತು. ಮೇಯರ್ ಬರ್ಟ್ರಾಂಡ್ ಡೆಲನೋಯ ಕಾಲದ ನಗರಸಭೆ ಒಂದು ವರ್ಷ ಮುಂಚೆಯೇ, ಅಂದರೆ 2008ರಲ್ಲೇ, ಕರಾರನ್ನು ಮುಂದುವರಿಸುವುದು ಬೇಡ ಅಂತ ತೀರ್ಮಾನಿಸಿತು. ಹಾಗಾಗಿ ಕರಾರು ಮುರಿದಿರಿ ಅಂತ ಯಾರೂ ಪರಿಹಾರ ಕೇಳುವ ಪ್ರಶ್ನೆ ಏಳಲಿಲ್ಲ. ಹೊಸ ವ್ಯವಸ್ಥೆಗೆ ತಯಾರಾಗಲು ಸಮಯವೂ ಸಿಕ್ಕಿತು. 2010ರ ಜನವರಿ 1ರಿಂದ ನೀರು ನಗರದ ಸ್ವಂತ ಸಂಸ್ಥೆಯ ಕೈಗೆ ಬಂತು. ಮೊದಲ ವರ್ಷವೇ ಸುಮಾರು ಮೂರೂವರೆ ಕೋಟಿ ಯೂರೋ ಉಳಿಯಿತು ಅಂತ ನಗರಸಭೆ ಲೆಕ್ಕ ಕೊಟ್ಟಿತು. 2011ರಲ್ಲಿ ನೀರಿನ ದರವನ್ನು ಶೇಕಡಾ 8ರಷ್ಟು ಇಳಿಸಿದರು.

ನಮಸ್ಕಾರ.