ಡಿಎಲ್ ಕಾರ್ಡಿನಲ್ಲಿ ನೀವು ಓದದೇ ಬಿಟ್ಟಿರೋ ಸಾಲುಗಳು

[ಪರದೆ: ಡಿಎಲ್ ಕಾರ್ಡಿನ ಚಿತ್ರ, ಹೆಸರು, ಫೋಟೊ ಮಸುಕು]

ನಮಸ್ಕಾರ. ಡಿಎಲ್, ಅಂದ್ರೆ ಡ್ರೈವಿಂಗ್ ಲೈಸೆನ್ಸ್, ಇದೆಯಾ ಅಂತ ಕೇಳಿದ್ರೆ ಎಲ್ರೂ "ಇದೆ" ಅಂತಾರೆ. ಯಾವ ಗಾಡಿಗೆ, ಯಾವತ್ತಿನವರೆಗೆ ಅಂತ ಕೇಳಿದ್ರೆ ಮಾತ್ರ ಪರ್ಸ್ ತೆಗೀಬೇಕಾಗುತ್ತೆ. ತೆಗೀರಿ, ಒಟ್ಟಿಗೆ ಓದೋಣ.

ಮೊದಲು ನಂಬರ್. ಕೆಎ ಅಂದ್ರೆ ಕರ್ನಾಟಕ. ಮುಂದಿನ ಎರಡಂಕಿ ಆರ್‌ಟಿಒ ಕಚೇರಿದು: 09 ಮೈಸೂರು, 19 ಮಂಗಳೂರು, 25 ಧಾರವಾಡ. ಆಮೇಲಿನ ನಾಲ್ಕಂಕಿ ವರ್ಷ, ಉಳಿದ ಏಳು ಕ್ರಮಸಂಖ್ಯೆ. ಅಷ್ಟೇ.

[ಪರದೆ: ವಾಹನದ ಕ್ಲಾಸ್ ಇರೋ ಭಾಗ ದೊಡ್ಡದಾಗಿ]

ನಿಜವಾದ ವಿಷಯ ಇಲ್ಲಿದೆ. ಎಂಸಿಡಬ್ಲ್ಯುಜಿ ಅಂದ್ರೆ ಗೇರ್ ಇರೋ ಬೈಕ್. ಎಂಸಿಡಬ್ಲ್ಯುಒಜಿ ಅಂದ್ರೆ ಗೇರ್ ಇಲ್ಲದ್ದು. ಆಕ್ಟಿವಾದಲ್ಲಿ ಟೆಸ್ಟ್ ಕೊಟ್ಟು ಎರಡನೇದನ್ನ ಮಾತ್ರ ತಗೊಂಡವರು ಸ್ಪ್ಲೆಂಡರ್ ಹತ್ತಿದ್ರೆ, ಕಾನೂನಿನ ಕಣ್ಣಲ್ಲಿ ಆ ಬೈಕಿಗೆ ಅವರ ಹತ್ರ ಲೈಸೆನ್ಸೇ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ದಂಡ 5000 ರೂಪಾಯಿ. ಹಾಗಾಗಿ ಟೆಸ್ಟಿಗೆ ಗೇರ್ ಗಾಡೀನೇ ತಗೊಂಡು ಹೋಗಿ.

ಎಲ್‌ಎಂವಿ, ಅಂದ್ರೆ ಲೈಟ್ ಮೋಟಾರ್ ವೆಹಿಕಲ್. ಅದು ಕಾರು ಅಂತ ನಾವೆಲ್ಲ ಅಂದ್ಕೋತೀವಿ. ಕಾನೂನಿನಲ್ಲಿ ಅದು 7500 ಕೆಜಿ ತೂಕದವರೆಗೆ ಹೋಗುತ್ತೆ. ಈ ಒಂದು ಸಾಲಿನ ಮೇಲೆ ವರ್ಷಗಟ್ಟಲೆ ಕೇಸ್ ನಡೀತು. ಎಲ್‌ಎಂವಿ ಲೈಸೆನ್ಸ್ ಇಟ್ಕೊಂಡು ಹಳದಿ ಬೋರ್ಡಿನ ಟ್ಯಾಕ್ಸಿ, ಸಣ್ಣ ಗೂಡ್ಸ್ ಗಾಡಿ ಓಡಿಸೋರು ಅಪಘಾತ ಮಾಡಿದಾಗ, "ಟ್ರಾನ್ಸ್‌ಪೋರ್ಟ್ ಅಂತ ಕಾರ್ಡಲ್ಲಿ ಬರೆದಿಲ್ಲ, ನಾವು ದುಡ್ಡು ಕೊಡಲ್ಲ" ಅಂತ ವಿಮಾ ಕಂಪನಿಗಳು ವಾದ ಮಾಡ್ತಿದ್ವು. 2017ರಲ್ಲಿ ಸುಪ್ರೀಂ ಕೋರ್ಟ್ ಚಾಲಕರ ಪರ ತೀರ್ಪು ಕೊಡ್ತು. ವಾದ ನಿಲ್ಲಲಿಲ್ಲ. ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ಹಿಡೀತು: 7500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ ಸಾಕು. ಬಾಡಿಗೆ ಗಾಡಿ ಓಡಿಸಿ ಸಂಸಾರ ನಡೆಸೋರಿಗೆ ಇದು ಸಣ್ಣ ವಿಷಯ ಅಲ್ಲ.

[ಪರದೆ: ಕೆಂಪು ಎಲ್ ಬೋರ್ಡ್]

ಈ ಕಾರ್ಡ್ ಸಿಗೋದು ಹೇಗೆ? ಮೊದಲು ಎಲ್‌ಎಲ್‌ಆರ್, ಅಂದ್ರೆ ಕಲಿಯೋರ ಲೈಸೆನ್ಸ್. ಸರ್ಕಾರದ ಸಾರಥಿ ವೆಬ್‌ಸೈಟ್‌ನಲ್ಲಿ ಅರ್ಜಿ, ಕಂಪ್ಯೂಟರ್‌ನಲ್ಲಿ ಪ್ರಶ್ನೆ. ಆರು ತಿಂಗಳು ಚಾಲ್ತಿ. ಕಾರಾದ್ರೆ ಪಕ್ಕದಲ್ಲಿ ಡಿಎಲ್ ಇರೋರು ಕೂತಿರ್ಬೇಕು, ಅದೂ ಬೇಕಾದ್ರೆ ಗಾಡಿ ನಿಲ್ಲಿಸೋಕೆ ಆಗೋ ಹಾಗೆ. 30 ದಿನ ಕಳೆದ ಮೇಲೆ ಡ್ರೈವಿಂಗ್ ಟೆಸ್ಟ್.

ನನಗೆ ಇಡೀ ವ್ಯವಸ್ಥೇಲಿ ಒಪ್ಪಿಗೆಯಾಗದ್ದು ಈ 30 ದಿನವೇ. ಸ್ವಂತ ಕಾರಿಗೆ ಡಿಎಲ್ ಬೇಕಂದ್ರೆ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಕಡ್ಡಾಯ ಅಲ್ಲ, ಅದು ಟ್ರಾನ್ಸ್‌ಪೋರ್ಟ್‌ನವರಿಗೆ. ಅಂದ್ರೆ ನೀವು ಎಷ್ಟು ಗಂಟೆ ಸ್ಟೀರಿಂಗ್ ಹಿಡಿದ್ರಿ ಅಂತ ಯಾರೂ ಕೇಳಲ್ಲ, ಕ್ಯಾಲೆಂಡರ್‌ನಲ್ಲಿ ಎಷ್ಟು ದಿನ ಹೋಯ್ತು ಅಂತ ಮಾತ್ರ ನೋಡ್ತಾರೆ. ನಿಯಮದ ಪುಸ್ತಕದಲ್ಲಿ ಟೆಸ್ಟ್ ದೊಡ್ಡದಿದೆ: ರಿವರ್ಸ್, ತಿರುವು, ಓವರ್‌ಟೇಕ್, ತುರ್ತಾಗಿ ನಿಲ್ಲಿಸೋದು. ನಮ್ಮ ಬಾಯಲ್ಲಿ ಅದು "ಎಂಟು ಹಾಕೋದು" ಅಂತ ಆಗಿಬಿಟ್ಟಿದೆ. ಫೇಲಾದ್ರೆ 7 ದಿನ ಬಿಟ್ಟು ಮತ್ತೆ ಹೋಗ್ಬಹುದು. ಮೂರು ಸಲ ಫೇಲಾದ್ರೆ 60 ದಿನ ಕಾಯ್ಬೇಕು.

2024ರ ಮೇನಲ್ಲಿ "ಜೂನ್‌ನಿಂದ ಆರ್‌ಟಿಒ ಟೆಸ್ಟೇ ಇಲ್ಲ" ಅಂತ ವಾಟ್ಸಾಪ್‌ನಲ್ಲಿ ಹರಿದಾಡ್ತಲ್ಲ, ಅದು ಸುಳ್ಳು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ 2021ರಿಂದಲೇ ಇದೆ. ಅಲ್ಲಿ ಕಾರಿನ ಕೋರ್ಸ್ 29 ಗಂಟೆ, ಪಾಸಾದವರಿಗೆ ಮಾತ್ರ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ. ಬೀದಿ ಕೊನೇಲಿರೋ ಡ್ರೈವಿಂಗ್ ಸ್ಕೂಲ್‌ಗೆಲ್ಲ ಅದು ಅನ್ವಯಿಸಲ್ಲ.

[ಪರದೆ: ವಯಸ್ಸು 16, 18]

ಪಿಯುಸಿ ಮಕ್ಕಳಿರೋ ಅಪ್ಪ-ಅಮ್ಮಂದಿರು ಸ್ವಲ್ಪ ಕೇಳಿಸ್ಕೊಳ್ಳಿ. 16 ವರ್ಷಕ್ಕೆ ಲೈಸೆನ್ಸ್ ಸಿಗುತ್ತೆ ಅನ್ನೋದು ನಿಜ, ಆದ್ರೆ 50 ಸಿಸಿ ಒಳಗಿನ ಗಾಡಿಗೆ. ನಿಮ್ಮನೆ ಸ್ಕೂಟರ್ 110 ಸಿಸಿನೋ 125 ಸಿಸಿನೋ ಇರುತ್ತೆ, ಅದಕ್ಕೆ 18 ತುಂಬಲೇಬೇಕು. ಮಗು ಸಿಕ್ಕಿಬಿದ್ರೆ ಕೇಸ್ ಬರೋದು ನಿಮ್ಮ ಮೇಲೆ: 25000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗೂಗೆ 25 ಆಗೋವರೆಗೆ ಲೈಸೆನ್ಸ್ ಇಲ್ಲ. "ಪಕ್ಕದ ಟ್ಯೂಷನ್‌ಗೆ ತಾನೇ" ಅನ್ನೋ ಮಾತು ಇದನ್ನ ಹೇಳೋ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 199ಎನಲ್ಲಿ ಎಲ್ಲೂ ಇಲ್ಲ.

ಕೊನೇದಾಗಿ ತಾರೀಖು. ಸ್ವಂತ ಗಾಡಿಯ ಡಿಎಲ್ ಅನ್ನ 30 ವರ್ಷದ ಒಳಗೆ ಮಾಡಿಸಿದ್ರೆ 40 ತುಂಬೋವರೆಗೆ ಚಾಲ್ತಿ. 30ರಿಂದ 50ರ ನಡುವೆ ಆದ್ರೆ 10 ವರ್ಷ. 50 ದಾಟಿ 55ರೊಳಗಿದ್ರೆ 60ರವರೆಗೆ, ಆಮೇಲೆ 5 ವರ್ಷಕ್ಕೊಮ್ಮೆ. ಮೊದಲು ಮುಗಿದ ಮೇಲೂ 30 ದಿನ ಓಡಿಸೋ ಅವಕಾಶ ಇತ್ತು, 2019ರ ತಿದ್ದುಪಡಿ ಅದನ್ನ ತೆಗೆದುಹಾಕ್ತು. ತಾರೀಖು ಮುಗಿದು ಒಂದು ವರ್ಷ ದಾಟಿದ್ರೆ, 20 ವರ್ಷ ಗಾಡಿ ಓಡಿಸಿದವರೂ ಮತ್ತೆ ಟೆಸ್ಟ್ ಕೊಡ್ಬೇಕು.

ಕಾರ್ಡ್ ಮನೇಲಿ ಬಿಟ್ಟು ಬಂದಿದ್ರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿ, ಪೊಲೀಸರು ಒಪ್ಪಲೇಬೇಕು. ಗ್ಯಾಲರಿಯಲ್ಲಿರೋ ಫೋಟೊಗೆ ಆ ಬೆಲೆ ಇಲ್ಲ.